ಡೆಸ್ಕಂಟ್ ರೆಕಾರ್ಡರ್ ಮಾತ್ರ ಬರುತ್ತದೆ, ಗುಂಪಿಗೆ ಸೇರಬಹುದೇ?

ಹೊಸಬೆರಳು:

ಎಲ್ಲರಿಗೂ ನಮಸ್ಕಾರ. ಸದ್ಯ ಇರುವುದು ಇಂಗ್ಲೆಂಡಿನಲ್ಲಿ. ಊರಿನಲ್ಲಿದ್ದಾಗ ಕರ್ನಾಟಕ ಸಂಗೀತದ ಕೊಳಲು ವರ್ಣದ ತನಕ ಆಗಿದೆ. ಒಂದು ವರ್ಷದಿಂದ ಡೆಸ್ಕಂಟ್ ರೆಕಾರ್ಡರ್ (ತುದಿಯಿಂದ ಊದುವ ಪಾಶ್ಚಾತ್ಯ ಕೊಳಲಿನ ಚಿಕ್ಕ ಅಳತೆ) ಊದುತ್ತಿದ್ದೇನೆ, ಸ್ಟಾಫ್ ನೊಟೇಶನ್ (ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ) ನಿಧಾನಕ್ಕೆ ಓದಲು ಬರುತ್ತದೆ. ಹತ್ತಿರದಲ್ಲೇ ತಿಂಗಳಿಗೊಮ್ಮೆ ಸೇರುವ ಹವ್ಯಾಸಿಗಳ ಗುಂಪಿದೆ, ಸೇರುವ ಆಸೆ. ಡೆಸ್ಕಂಟ್ ಒಂದೇ ಇದ್ದರೆ ಸಾಕೇ? ಟ್ಯೂನರ್ ಆ್ಯಪ್ ಸ್ವರ ಸರಿಯಿದೆ ಎಂದು ತೋರಿಸಿದರೂ ಇನ್ನೊಬ್ಬರ ಜೊತೆ ಊದಿದರೆ ಕಿವಿಯೊಳಗೆ ಜೇನು ಗುಂಯ್‌ಗುಟ್ಟಿದ ಹಾಗಾಗುತ್ತದೆ, ಯಾಕೆ? ಮರದ್ದೇ ಕೊಳ್ಳಬೇಕಾ? ಮೊದಲ ದಿನಕ್ಕೆ ಏನೇನು ಸಿದ್ಧತೆ ಬೇಕು?

ಟ್ರೆಬಲ್ ಪಕ್ಷ:

ಸೇರಿಸಿಕೊಳ್ಳುತ್ತಾರೆ, ಆ ಚಿಂತೆ ಬೇಡ. ಆದರೆ ಡೆಸ್ಕಂಟ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಗುಂಪಿನ ಸಂಗೀತ ಬಹುಪಾಲು ನಾಲ್ಕು ಪಾಲಿನದು, ಒಂದೊಂದಕ್ಕೂ ಒಂದೊಂದು ಅಳತೆಯ ರೆಕಾರ್ಡರ್, ಮೇಲಿನ ದನಿಯಿಂದ ಕೆಳಗಿನದಕ್ಕೆ: ಡೆಸ್ಕಂಟ್, ಟ್ರೆಬಲ್, ಟೆನರ್, ಬಾಸ್. ಅಮೆರಿಕದವರು ಮೊದಲೆರಡನ್ನು ಸೋಪ್ರಾನೊ, ಆಲ್ಟೊ ಅನ್ನುತ್ತಾರೆ. ಹೊಸಬರೆಲ್ಲ ಬರುವುದು ಡೆಸ್ಕಂಟ್ ಹಿಡಿದುಕೊಂಡೇ. ಅದರ ಅತಿ ಕೆಳಗಿನ ಸಿ (ಇಲ್ಲಿ ಸ್ವರಗಳ ಹೆಸರು ಎಯಿಂದ ಜಿವರೆಗಿನ ಅಕ್ಷರಗಳು) ಕೂಡ 523 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಅಂದರೆ ಹಾಳೆಯಲ್ಲಿ ಬರೆದದ್ದಕ್ಕಿಂತ ಒಂದು ಸ್ಥಾಯಿ ಮೇಲೆ ನುಡಿಯುತ್ತದೆ. ಅಷ್ಟು ಎತ್ತರದಲ್ಲಿ ಐದಾರು ಜನ ಒಟ್ಟಿಗೆ ಊದಿ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಕಿವಿಗೆ ಚುಚ್ಚುತ್ತದೆ. ಹಾಗಾಗಿ ನಡೆಸುವವರಿಗೆ ಡೆಸ್ಕಂಟ್ ಒಂದೆರಡು ಸಾಕು, ಟ್ರೆಬಲ್ ಎಷ್ಟಿದ್ದರೂ ಬೇಕು.

ಟ್ರೆಬಲ್ ಕಲಿಯುವಾಗ ನಮ್ಮ ಕೊಳಲಿನವರಿಗೆ ಒಂದು ತೊಡಕಿದೆ. ನಾವು ಶ್ರುತಿ ಬದಲಾದರೆ ಕೊಳಲನ್ನೇ ಬದಲಿಸುತ್ತೇವೆ. ಷಡ್ಜದ ಬೆರಳು ಷಡ್ಜದ್ದೇ ಆಗಿ ಉಳಿಯುತ್ತದೆ. ರೆಕಾರ್ಡರಿನಲ್ಲಿ ಸ್ವರದ ಹೆಸರು ಕದಲುವುದಿಲ್ಲ, ಬೆರಳು ಬದಲಾಗುತ್ತದೆ. ಎಲ್ಲ ತೂತುಗಳನ್ನೂ ಮುಚ್ಚಿದರೆ ಡೆಸ್ಕಂಟಿನಲ್ಲಿ ಸಿ, ಟ್ರೆಬಲ್‌ನಲ್ಲಿ ಎಫ್. ಹಾಳೆಯಲ್ಲಿ ಗೆರೆಗಳ ನಡುವಿನ ಎ ಕಂಡಿತು ಅಂದುಕೊಳ್ಳಿ: ಡೆಸ್ಕಂಟಿಗೆ ಹೆಬ್ಬೆರಳು ಮತ್ತು ಮೇಲಿನ ಎರಡು ಬೆರಳು, ಟ್ರೆಬಲ್‌ಗೆ ಹೆಬ್ಬೆರಳು ಮತ್ತು ಐದು ಬೆರಳು. ‘ಡೆಸ್ಕಂಟ್ ಬೆರಳಿಗೆ ಇಷ್ಟು ಸ್ವರ ಕೂಡಿಸು’ ಎಂದು ಲೆಕ್ಕ ಹಾಕುತ್ತಾ ಕೂತರೆ ವೇಗ ಯಾವತ್ತೂ ಬರುವುದಿಲ್ಲ. ಹೊಸ ವಾದ್ಯವೆಂದೇ ಕಲಿಯಿರಿ. ಮೊದಲು ಮೂರು ಗೂಟ ನೆಡಿ: ಕೆಳಗಿನ ಎಫ್‌ಗೆ ಎಲ್ಲವೂ ಮುಚ್ಚಿ; ನಡುವಿನ ಸಿಗೆ ಎಡಗೈ ಮಾತ್ರ ಮುಚ್ಚಿ; ಗೆರೆಗಳ ತಲೆಯ ಮೇಲೆ ಕೂರುವ ಜಿಗೆ ಎಡಗೈ ನಡುಬೆರಳು ಒಂದೇ. ಉಳಿದ ಸ್ವರಗಳನ್ನು ಇವುಗಳ ಅಕ್ಕಪಕ್ಕ ಹುಡುಕಿಕೊಳ್ಳಿ. ಮೊದಲ ಎರಡು ವಾರ ಡೆಸ್ಕಂಟ್ ಮುಟ್ಟಬೇಡಿ. ಮೂರನೆಯ ವಾರದಿಂದ ಒಂದೇ ದಿನ ಎರಡನ್ನೂ, ಹದಿನೈದು ಹದಿನೈದು ನಿಮಿಷ. ಬೆರಳು ಕಲಸಿಹೋಗುವುದು ಒಂದರಿಂದ ಇನ್ನೊಂದಕ್ಕೆ ದಾಟುವಾಗ, ಆದ್ದರಿಂದ ಆ ದಾಟುವಿಕೆಯನ್ನೇ ಅಭ್ಯಾಸ ಮಾಡಬೇಕು.

ಕೈ ದೊಡ್ಡದಿದ್ದರೆ ಇನ್ನೊಂದು ಹತ್ತಿರದ ದಾರಿ ಟೆನರ್. ಬೆರಳೂ ಓದುವ ಬಗೆಯೂ ಡೆಸ್ಕಂಟಿನದೇ, ನುಡಿಯುವುದು ಒಂದು ಸ್ಥಾಯಿ ಕೆಳಗೆ. ಕೆಳಗಿನ ಸ್ವರಕ್ಕೆ ಕೀಲಿ ಇರುವುದನ್ನೇ ತೆಗೆದುಕೊಳ್ಳಿ, ಇಲ್ಲದಿದ್ದರೆ ಬಲಗೈ ಕಿರುಬೆರಳು ಎಟುಕದೆ ಮಣಿಕಟ್ಟು ನೋಯುತ್ತದೆ.

ಯಾವುದೇ ಅಳತೆ ಕೊಂಡರೂ ಬರೋಕ್ ಬೆರಳಿನದೇ (ಬೆರಳಿಡುವ ಒಂದು ಕ್ರಮದ ಹೆಸರು) ಇರಲಿ. ಜರ್ಮನ್ ಬೆರಳಿನದೂ ಮಾರುಕಟ್ಟೆಯಲ್ಲಿದೆ. ಡೆಸ್ಕಂಟಿನ ಎಫ್ ಅದರಲ್ಲಿ ಸಲೀಸು, ಆದರೆ ಎಫ್ ಶಾರ್ಪ್ (ಎಫ್‌ಗಿಂತ ಅರ್ಧ ಸ್ವರ ಮೇಲಿನದು) ಶ್ರುತಿಗೆ ನಿಲ್ಲುವುದಿಲ್ಲ. ಗುರುತು ಹಿಡಿಯಲು ಮುಂಭಾಗದ ತೂತುಗಳನ್ನು ಮೇಲಿನಿಂದ ಎಣಿಸಿ: ಐದನೆಯದು ನಾಲ್ಕನೆಯದಕ್ಕಿಂತ ಚಿಕ್ಕದಿದ್ದರೆ ಜರ್ಮನ್.

ಮಂದ್ರ:

ಆ ಗುಂಯ್ ನಿಮ್ಮ ಕಿವಿಯ ದೋಷವಲ್ಲ. ಎರಡು ಸ್ವರಗಳ ಕಂಪನದ ವ್ಯತ್ಯಾಸವೇ ಮೂರನೆಯ ಸ್ವರವಾಗಿ ಕೇಳುತ್ತಿದೆ. ಡೆಸ್ಕಂಟಿನ ದನಿ ಎತ್ತರದ್ದು, ತಿಳಿಯಾದದ್ದು, ಹಾಗಾಗಿ ಅದು ಎದ್ದು ಕೇಳುತ್ತದೆ. ಲೆಕ್ಕ ನೋಡಿ. ಒಬ್ಬರು ಡೆಸ್ಕಂಟಿನ ನಡುವಿನ ಸಿ ಹಿಡಿದರೆ ಸುಮಾರು 1046 ಹರ್ಟ್ಸ್. ಇನ್ನೊಬ್ಬರು ಅದರ ಮೇಲಿನ ಇ ಅನ್ನು ಆ್ಯಪ್ ಹೇಳಿದಂತೆಯೇ ಹಿಡಿದರೆ 1318. ವ್ಯತ್ಯಾಸ 272. ಈ 272 ಅತ್ತ 262ರ ಸಿಯೂ ಅಲ್ಲ, ಇತ್ತ 277ರ ಸಿ ಶಾರ್ಪೂ ಅಲ್ಲ, ತ್ರಿಶಂಕು. ಇ ಅನ್ನು 1308ಕ್ಕೆ ಇಳಿಸಿ ನೋಡಿ: ವ್ಯತ್ಯಾಸ 262, ಅಂದರೆ ಅದೇ ಸಿ, ಎರಡು ಸ್ಥಾಯಿ ಕೆಳಗೆ. ಗುಂಯ್‌ಗುಟ್ಟುತ್ತಿದ್ದದ್ದೇ ಆಧಾರಶ್ರುತಿಯಾಗಿ ಕೂರುತ್ತದೆ.

ನಮ್ಮವರಿಗೆ ಇದು ಹೊಸದಲ್ಲ. ಜೀವಾಳಿ ಕೂಡಿದ ತಂಬೂರಿಯಲ್ಲಿ ಯಾರೂ ಮೀಟದೆ ತಾನಾಗಿ ಕೇಳುವ ಅಂತರ ಗಾಂಧಾರ ಇದೇ, ಷಡ್ಜಕ್ಕೆ 5:4ರ ಕಂಪನದ ಪ್ರಮಾಣದ್ದು. ಆ್ಯಪ್ ತೋರಿಸುವ ಗಾಂಧಾರ ಅದಕ್ಕಿಂತ ಸುಮಾರು 14 ಸೆಂಟ್ (ಒಂದು ಸೆಂಟ್ ಅಂದರೆ ಅರ್ಧ ಸ್ವರದ ನೂರರಲ್ಲೊಂದು ಪಾಲು) ಮೇಲಿದೆ. ಆದ್ದರಿಂದ ಗುಂಪಿನಲ್ಲಿ ಆ್ಯಪ್ ಬಳಸುವುದು ಶುರುವಿನ ಎ ಹಿಡಿಯಲು ಮಾತ್ರ, ಆಮೇಲೆ ಕಿವಿಯೇ ಗತಿ. ನಿಮ್ಮ ಪಾಲಿನ ಸ್ವರ ಮೇಜರ್ ಕಾರ್ಡಿನ (ಷಡ್ಜ, ಅಂತರ ಗಾಂಧಾರ, ಪಂಚಮ ಒಟ್ಟಿಗೆ ನುಡಿಯುವುದು) ಗಾಂಧಾರವಾಗಿದ್ದರೆ ಇಳಿಸಿಕೊಳ್ಳುವವರು ನೀವು; ಷಡ್ಜ ಪಂಚಮದವರು ಅಲ್ಲಾಡಬಾರದು. ಇಳಿಸಲು ಉಸಿರನ್ನು ತುಸು ಹಗುರ ಮಾಡಿ, ಇಲ್ಲವೇ ತೆರೆದಿರುವ ಕೆಳಗಿನ ತೂತೊಂದರ ಮೇಲೆ ಬೆರಳನ್ನು ಮುಟ್ಟಿಯೂ ಮುಟ್ಟದಂತೆ ತನ್ನಿ.

ಉಸಿರಿನದೇ ದೊಡ್ಡ ಪಾಠ. ನಮ್ಮ ಕೊಳಲಿನಲ್ಲಿ ತುಟಿ ತಿರುಗಿಸಿ ಶ್ರುತಿ ಸರಿಮಾಡಿಕೊಳ್ಳಬಹುದು. ರೆಕಾರ್ಡರಿನ ಗಾಳಿದಾರಿ ಮೊದಲೇ ಕೊರೆದಿಟ್ಟದ್ದು, ತುಟಿಗೆ ಅಲ್ಲಿ ಕೆಲಸವಿಲ್ಲ. ಜೋರಾಗಿ ಊದಿದರೆ ಶ್ರುತಿ ಏರುತ್ತದೆ, ಮೆಲ್ಲಗೆ ಊದಿದರೆ ಇಳಿಯುತ್ತದೆ. ಹವ್ಯಾಸಿ ಗುಂಪುಗಳಲ್ಲಿ ಪ್ರತಿ ಸಾಲಿನ ಕೊನೆಯ ಸ್ವರ ಕುಸಿಯುವುದು ಇದರಿಂದಲೇ: ಹಾಡಿದಂತೆ ಉಸಿರನ್ನು ಕರಗಿಸುತ್ತಾ ಮುಗಿಸುತ್ತಾರೆ, ಕರಗುತ್ತಾ ಕರಗುತ್ತಾ ಶ್ರುತಿ ಜಾರುತ್ತದೆ. ಸ್ವರವನ್ನು ನಿಲ್ಲಿಸಬೇಕಾದ್ದು ನಾಲಿಗೆ. ‘ತೂತ್’ ಅಂದಾಗ ಕೊನೆಯ ತ್‌ಗೆ ನಾಲಿಗೆ ಹಲ್ಲಿನ ಹಿಂದೆ ಅಂಟಿ ಗಾಳಿ ನಿಲ್ಲುತ್ತದಲ್ಲ, ಹಾಗೆ. ಉಸಿರಿನ ಒತ್ತಡ ಕೊನೆಯ ಕ್ಷಣದವರೆಗೂ ಒಂದೇ ಸಮ ಇರಲಿ. ದಿನಕ್ಕೆ ಐದು ನಿಮಿಷ ಒಂದೇ ಸ್ವರ, ಎಂಟು ಎಣಿಕೆ, ಆ್ಯಪಿನ ಮುಳ್ಳು ಕದಲದಂತೆ ಊದಿ. ಮುಳ್ಳು ಕದಲುವುದು ಏಳನೆಯ ಎಣಿಕೆಯ ಮೇಲೆಯೇ, ನೋಡುತ್ತಿರಿ.

ತಣ್ಣಗಿರುವ ವಾದ್ಯ ಶ್ರುತಿಯಲ್ಲಿ ಕೆಳಗಿರುತ್ತದೆ. ಹತ್ತು ನಿಮಿಷ ಊದಿ ಬೆಚ್ಚಗಾದ ಮೇಲೆಯೇ ಹೊಂದಿಸಬೇಕು. ಮೇಲಿದ್ದರೆ ತಲೆಭಾಗವನ್ನು ಒಂದೆರಡು ಮಿಲಿಮೀಟರ್ ಹೊರಗೆಳೆಯಿರಿ, ಅದಕ್ಕಿಂತ ಹೆಚ್ಚು ಬೇಡ. ಎಳೆದಾಗ ಎಲ್ಲ ಸ್ವರಗಳೂ ಸಮನಾಗಿ ಇಳಿಯುವುದಿಲ್ಲ. ಕಡಿಮೆ ತೂತು ಮುಚ್ಚಿ ನುಡಿಸುವ ಸ್ವರಗಳೇ ಹೆಚ್ಚು ಇಳಿಯುತ್ತವೆ, ವಾದ್ಯ ತನ್ನೊಳಗೇ ಬೇಸೂರಾಗುತ್ತದೆ.

ಹೊಸಬೆರಳು:

ಇಬ್ಬರಿಗೂ ಧನ್ಯವಾದ. ಇ ಇಳಿಸಿ ನೋಡಿದೆ, ಕೆಳಗಿನ ಸಿ ನಿಜಕ್ಕೂ ಕೇಳಿಸಿತು! ಇನ್ನೊಂದು ಸಂದೇಹ. ಕೈಯಲ್ಲಿ ತಾಳ ಹಾಕಿ ಕಲಿತದ್ದು. ಇಲ್ಲಿ ಎರಡೂ ಕೈ ವಾದ್ಯದ ಮೇಲೆ. ಹನ್ನೆರಡು ಬಾರ್ (ನಮ್ಮ ಆವರ್ತದಂತೆ, ಹಾಳೆಯಲ್ಲಿ ಅಡ್ಡಗೆರೆಗಳ ನಡುವಿನ ಏಟುಗಳ ಗುಂಪು) ಸುಮ್ಮನಿದ್ದು ಸರಿಯಾಗಿ ಎತ್ತಿಕೊಳ್ಳುವುದು ಹೇಗೆ? ಗಮಕದ ಅಭ್ಯಾಸದಿಂದ ಸ್ವರಗಳು ಒಂದಕ್ಕೊಂದು ಜಾರಿಕೊಂಡು ಬರುತ್ತವೆ, ಅದಕ್ಕೇನು ಮಾಡಲಿ?

ಎಣಿಕೆ:

ಎರಡನೆಯದು ಮೊದಲು. ಜಾರುವುದಕ್ಕೆ ಮದ್ದು ತುತ್ತುಕಾರ, ಅಂದರೆ ನಾಲಿಗೆಯಿಂದ ಸ್ವರ ಬಿಡಿಸುವುದು. ರೆಕಾರ್ಡರಿನಲ್ಲಿ, ಮೇಲೆ ಕಮಾನು ಗೆರೆ ಎಳೆದಿಲ್ಲವಾದರೆ ಪ್ರತಿ ಸ್ವರಕ್ಕೂ ನಾಲಿಗೆ ಬೇಕು. ತಿಳಿಯಾದ ಜಾಗದಲ್ಲಿ ‘ತು’, ಮೃದು ಜಾಗದಲ್ಲಿ ಮತ್ತು ಕೆಳಗಿನ ಸ್ವರಗಳಿಗೆ ‘ದು’. ಟೆನರ್, ಬಾಸ್‌ಗಳ ತಗ್ಗಿನ ಸ್ವರಕ್ಕೆ ಗಟ್ಟಿ ‘ತು’ ಹೊಡೆದರೆ ಸ್ವರ ಒಡೆದು ಮೇಲಿನ ಸ್ಥಾಯಿಗೆ ಹಾರುತ್ತದೆ. ಬೆರಳು ಏಳುವುದೂ ಬೀಳುವುದೂ ಚಕ್ಕನೆ ಆಗಬೇಕು, ನಾಲಿಗೆಯೂ ಬೆರಳೂ ಒಂದೇ ಕ್ಷಣಕ್ಕೆ. ಆರಂಭದಲ್ಲಿ ಎರಡು ಸ್ವರ ಮಾತ್ರ ತೆಗೆದುಕೊಂಡು, ಮೆಟ್ರೊನೋಮ್ (ಲಯ ಬಡಿಯುವ ಸಾಧನ) ನಿಮಿಷಕ್ಕೆ 60 ಏಟಿನಲ್ಲಿ ಇಟ್ಟು ಮಾಡಿ.

ತಾಳಕ್ಕೆ ಶೂ ಒಳಗಿನ ಹೆಬ್ಬೆರಳು ಸಾಕು. ಇಡೀ ಪಾದ ಬಡಿದರೆ ಪಕ್ಕದವರ ಲಯ ಕೆಡುತ್ತದೆ. ವಿರಾಮ ಎಣಿಸುವಾಗ ಪ್ರತಿ ಬಾರಿನ ಮೊದಲ ಏಟಿಗೆ ಬಾರಿನ ಸಂಖ್ಯೆಯನ್ನೇ ಹೇಳಿಕೊಳ್ಳಿ: ಒಂದು-ಎರಡು-ಮೂರು-ನಾಲ್ಕು, ಎರಡು-ಎರಡು-ಮೂರು-ನಾಲ್ಕು, ಹೀಗೆ. ಬರೀ ಎಣಿಕೆಯನ್ನೇ ನಂಬಬೇಡಿ. ನೀವು ಎತ್ತಿಕೊಳ್ಳುವ ಮೊದಲಿನ ಎರಡು ಬಾರಿನಲ್ಲಿ ಬೇರೆ ಪಾಲಿನವರು ಏನು ನುಡಿಸುತ್ತಾರೆ ಎಂಬುದನ್ನು ಕೇಳಿಟ್ಟುಕೊಂಡು, ನಿಮ್ಮ ಹಾಳೆಯಲ್ಲಿ ಪೆನ್ಸಿಲ್‌ನಿಂದ ‘ಬಾಸ್ ಇಳಿದ ಮೇಲೆ’ ಎಂದು ಗುರುತಿಸಿ. ಏಟಿಗೆ ಮುಂಚೆಯೇ ಶುರುವಾಗುವ ತುಣುಕು ಬಹಳ ಬರುತ್ತದೆ. ನಮ್ಮ ಅತೀತ ಎಡುಪಿನ ಹಾಗೆಯೇ ಅದು. ನಡೆಸುವವರ ಕೈ ಮೇಲೇಳುವಾಗಲೇ ನಿಮ್ಮ ಉಸಿರೂ ಒಳಗೆ ಹೋಗಬೇಕು. ಕೈ ಬಿದ್ದ ಮೇಲೆ ಉಸಿರೆಳೆದರೆ ಅರ್ಧ ಏಟು ತಡ.

ಮೊದಲ ದಿನ ಮುಖ್ಯವಾಗಿ ಬೇಕಾದ್ದು ಇದು: ತಪ್ಪಿದಾಗ ನಿಲ್ಲಬಾರದು, ಹಿಂದಕ್ಕೆ ಹೋಗಿ ಸರಿಪಡಿಸಲೂಬಾರದು. ಅಲ್ಲಿ ಹೆಚ್ಚಿನದೆಲ್ಲ ಮುಂದಿಟ್ಟ ಹಾಳೆಯನ್ನು ನೋಡಿದ ಕೂಡಲೇ ನುಡಿಸುವುದು. ಕಷ್ಟದ ಜಾಗದಲ್ಲಿ ಪ್ರತಿ ಬಾರಿನ ಮೊದಲ ಸ್ವರ ಮಾತ್ರ ಹಿಡಿಯಿರಿ, ಉಳಿದದ್ದು ಬಿಡಿ, ಕಣ್ಣು ಮಾತ್ರ ಸಾಗುತ್ತಿರಲಿ. ಪೂರ್ತಿ ಕಳೆದುಹೋದರೆ ಮುಂದಿನ ಅಕ್ಷರಗುರುತಿನ (ಜಾಗ ಹುಡುಕಲು ಹಾಳೆಯಲ್ಲಿ ಅಲ್ಲಲ್ಲಿ ಅಚ್ಚಾದ ಎ, ಬಿ, ಸಿ) ಹತ್ತಿರ ಕಾದು ಕೂತು, ಎಲ್ಲರೂ ಅಲ್ಲಿಗೆ ಬಂದಾಗ ಸೇರಿಕೊಳ್ಳಿ. ಒಂದು ತುಣುಕಿನಲ್ಲಿ ಹತ್ತು ಸ್ವರ ಬಿಟ್ಟವರಿಂದ ಗುಂಪಿಗೆ ತೊಂದರೆಯಿಲ್ಲ, ಒಂದು ಸ್ವರಕ್ಕಾಗಿ ಹಿಂದೆ ಉಳಿದವರಿಂದ ಇದೆ. ಮನೆಯಲ್ಲಿ ಅಭ್ಯಾಸಕ್ಕೆ ಆಂಟ್‌ವರ್ಪ್‌ನ ಟೀಲ್ಮನ್ ಸುಸಾಟೊ 1551ರಲ್ಲಿ ಅಚ್ಚು ಹಾಕಿಸಿದ ನಾಲ್ಕು ಪಾಲಿನ ಕುಣಿತದ ತುಣುಕುಗಳು ಹೇಳಿ ಮಾಡಿಸಿದಂತಿವೆ: ಚಿಕ್ಕವು, ಲಯ ಗಟ್ಟಿ, ಅದದೇ ಸಾಲು ಮರಳಿ ಬರುತ್ತದೆ.

ಟ್ರೆಬಲ್ ಪಕ್ಷ:

ಮರ-ಪ್ಲಾಸ್ಟಿಕ್ ಪ್ರಶ್ನೆ ಉಳಿದುಹೋಯಿತು. ಮೊದಲ ಟ್ರೆಬಲ್ ಪ್ಲಾಸ್ಟಿಕ್ಕಿನದೇ ಇರಲಿ. ಯಮಾಹಾ, ಔಲೋಸ್‌ಗಳ ಎಬಿಎಸ್ ವಾದ್ಯಗಳು ಶ್ರುತಿಯಲ್ಲಿ ನಂಬಿಕಸ್ಥವು, ಅಗ್ಗದ ಮರದ್ದಕ್ಕಿಂತ ಎಷ್ಟೋ ಮೇಲು. ಹೊಸ ಮರದ ವಾದ್ಯವನ್ನು ಮೊದಲ ಕೆಲವು ವಾರ ದಿನಕ್ಕೆ ಹತ್ತು-ಹದಿನೈದು ನಿಮಿಷಕ್ಕಿಂತ ಹೆಚ್ಚು ಊದುವಂತಿಲ್ಲ. ತೇವಕ್ಕೆ ಒಳಗಿನ ಬಿರಡೆ ಒಮ್ಮೆಲೇ ಹಿಗ್ಗಿ ಗಾಳಿದಾರಿ ಕಿರಿದಾಗುತ್ತದೆ. ಎರಡು ಗಂಟೆ ಕೂರುವ ಗುಂಪಿಗೆ ಅದು ಒಗ್ಗದು. ಕೊಳ್ಳುವಾಗ ಎ = 440 ಅಥವಾ 442 ಹರ್ಟ್ಸ್ ಇರುವುದನ್ನು ನೋಡಿ. 415 ಎಂದಿದ್ದರೆ ಅದು ಬರೋಕ್ ಶ್ರುತಿಯದು (ಬರೋಕ್ ಬೆರಳಿನ ಮಾತು ಬೇರೆ), ಅರ್ಧ ಸ್ವರ ಕೆಳಗೆ, ಗುಂಪಿನಲ್ಲಿ ಉಪಯೋಗಕ್ಕೆ ಬಾರದು.

ಪ್ಲಾಸ್ಟಿಕ್ಕಿನ ಕಾಟ ಒಂದೇ, ಗಾಳಿದಾರಿಯಲ್ಲಿ ನೀರು ಕಟ್ಟುವುದು. ದನಿ ಗೊರಗೊರ ಅನ್ನುತ್ತದೆ. ಬಿಸಿ ಉಸಿರು ತಣ್ಣನೆಯ ಗೋಡೆಗೆ ತಾಗಿ ಹನಿಯಾಗುವುದರಿಂದ ಹೀಗಾಗುತ್ತದೆ. ಆದ್ದರಿಂದ ತಲೆಭಾಗವನ್ನು ಐದು ನಿಮಿಷ ಕಂಕುಳಲ್ಲೋ ಜೇಬಿನಲ್ಲೋ ಇಟ್ಟು ಬೆಚ್ಚಗೆ ಮಾಡಿಕೊಂಡೇ ಶುರುಮಾಡಿ. ನಡುವೆ ಕಟ್ಟಿದರೆ ಬಾಯಿಂದ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳಿ. ಅದು ಸದ್ದಿಲ್ಲದ ಉಪಾಯ. ವಾರಕ್ಕೊಮ್ಮೆ, ಪಾತ್ರೆ ತೊಳೆಯುವ ದ್ರವ ಎರಡು ಹನಿ ಬೆರೆಸಿದ ನೀರನ್ನು ಗಾಳಿದಾರಿಯಲ್ಲಿ ಹಾಯಿಸಿ, ಒರೆಸದೆ ಹಾಗೇ ಒಣಗಲು ಬಿಟ್ಟರೆ ಹನಿ ನಿಲ್ಲದೆ ಪದರವಾಗಿ ಹರಿದುಹೋಗುತ್ತದೆ. ಗಾಳಿ ಬಡಿಯುವ ಚೂಪು ಅಂಚಿಗೆ ಮಾತ್ರ ಬೆರಳನ್ನೂ ಬಟ್ಟೆಯನ್ನೂ ತಾಗಿಸಬೇಡಿ, ದನಿ ಹುಟ್ಟುವುದು ಅಲ್ಲಿಯೇ.

ಎಡಗೈ ಹೆಬ್ಬೆರಳಿನ ಉಗುರು ಕತ್ತರಿಸಿಕೊಳ್ಳಿ. ಮೇಲಿನ ಸ್ಥಾಯಿಗೆ ಹಿಂದಿನ ತೂತಿನಲ್ಲಿ ಎಳೆಚಂದ್ರನಷ್ಟೇ ಸಂದು ಬಿಡಬೇಕು. ಸಂದು ದೊಡ್ಡದಾದರೆ ಸ್ವರ ಕೀರಲಾಗುತ್ತದೆ, ಉಗುರು ಉದ್ದವಿದ್ದರೆ ಸಂದಿನ ಅಳತೆ ಕೈಗೆ ಸಿಗುವುದೇ ಇಲ್ಲ.

ನೀವು ಹೇಳಿದ ಗುಂಪು ಬಹುಶಃ ಸೊಸೈಟಿ ಆಫ್ ರೆಕಾರ್ಡರ್ ಪ್ಲೇಯರ್ಸ್‌ನ ಶಾಖೆ ಇರಬಹುದು. ಎಡ್ಗರ್ ಹಂಟ್, ಕಾರ್ಲ್ ಡಾಲ್ಮೆಚ್ ಮೊದಲಾದವರು 1937ರಲ್ಲಿ ಕಟ್ಟಿದ್ದು, ಬ್ರಿಟನ್ನಿನ ಉದ್ದಗಲಕ್ಕೂ ಶಾಖೆಗಳಿವೆ. ಅಲ್ಲಿ ಒಂದು ಪಾಲಿಗೆ ಹಲವರು ಇರುವುದರಿಂದ ಹೊಸಬರಿಗೆ ಆಸರೆ ಸಿಗುತ್ತದೆ. ಒಬ್ಬರಿಗೊಂದು ಪಾಲಿನ ಚಿಕ್ಕ ಗುಂಪಿಗೆ ಈಗಲೇ ಹೋಗಬೇಡಿ, ಅದು ಟ್ರೆಬಲ್ ಕೈಗೆ ಕೂತ ಮೇಲೆ. ಹೋಗುವ ಮೊದಲು ಕಾರ್ಯದರ್ಶಿಗೆ ಒಂದು ಮಿಂಚಂಚೆ ಹಾಕಿ, ಟ್ರೆಬಲ್‌ನವರು ಹಾಳೆಯಲ್ಲಿದ್ದದ್ದಕ್ಕಿಂತ ಒಂದು ಸ್ಥಾಯಿ ಮೇಲೆ ಓದಬೇಕಾಗುತ್ತದೆಯೇ ಎಂದು ಕೇಳಿ. ಹಾಡುಗಾರರಿಗೆ ಬರೆದ ಹಳೆಯ ಪಾಲುಗಳು ಟ್ರೆಬಲ್‌ನ ಕೆಳಗಿನ ಎಫ್‌ಗಿಂತಲೂ ಕೆಳಗಿಳಿಯುವುದರಿಂದ ಹಾಗೆ ಓದುವ ರೂಢಿಯಿದೆ. ಅದು ನಿಮಗಿನ್ನೂ ಬಾರದು ಎಂದು ಮೊದಲೇ ತಿಳಿಸಿದರೆ ಬೇರೆ ಪಾಲು ಕೊಡುತ್ತಾರೆ. ಮಡಚುವ ಸ್ಟ್ಯಾಂಡ್, ಹಾಳೆ ಹಾರದಂತೆ ಎರಡು ಬಟ್ಟೆ ಕ್ಲಿಪ್, ಪೆನ್ಸಿಲ್, ರಬ್ಬರ್, ಒರೆಸುವ ಹತ್ತಿ ಬಟ್ಟೆ ಚೀಲದಲ್ಲಿರಲಿ. ಡೆಸ್ಕಂಟನ್ನೂ ಒಯ್ಯಿರಿ.