ಪೈಲಟ್ ತರಬೇತಿಗೆ ಶಾಲೆ ಆರಿಸುವ ಮುಂಚೆ: ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಚನ್ನರಾಯಪಟ್ಟಣದಿಂದ ಒಬ್ಬ ತಂದೆ): ನಮಸ್ಕಾರ ಸರ್. ಮಗಳು ಪಿಯುಸಿ ಮುಗಿಸಿದ್ದಾಳೆ, ಪಿಸಿಎಂಬಿ. ಪೈಲಟ್ಟೇ ಆಗಬೇಕು ಅಂತ ಹಟ ಹಿಡಿದಿದ್ದಾಳೆ. ನನ್ನದು ಗೊಬ್ಬರದ ಅಂಗಡಿ, ಸ್ವಲ್ಪ ತೆಂಗಿನ ತೋಟ ಇದೆ. ಒಂದು ಶಾಲೆಯವರು 18 ತಿಂಗಳಲ್ಲಿ ಲೈಸೆನ್ಸ್ ಕೊಡಿಸ್ತೀವಿ, ಈ ವಾರ ಪೂರ್ತಿ ಫೀಸು ಕಟ್ಟಿದರೆ 4 ಲಕ್ಷ ಬಿಡ್ತೀವಿ ಅಂತಿದ್ದಾರೆ. ತೋಟದ ಮೇಲೆ ಸಾಲ ಎತ್ತಬೇಕು. ಕಟ್ಟಿಬಿಡಲಾ?

ಉತ್ತರ: ಅಣ್ಣಾ, ಈ ವಾರ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಮೊದಲು ಮಗಳ ಮೆಡಿಕಲ್ ತಪಾಸಣೆ ಮಾಡಿಸಿ. ಡಿಜಿಸಿಎ (ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ) ಮಾನ್ಯತೆ ಇರುವ ಡಾಕ್ಟರ ಹತ್ತಿರ ಮೊದಲ ಹಂತದ ಕ್ಲಾಸ್ 2, ಆಮೇಲೆ ಇನ್ನೂ ಕಟ್ಟುನಿಟ್ಟಾದ ಕ್ಲಾಸ್ 1. ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲೂ ಕ್ಲಾಸ್ 1 ಆಗುತ್ತೆ. ಕನ್ನಡಕ ಇದ್ದರೆ ಹೆದರಬೇಡಿ, ಆದರೆ ಬಣ್ಣ ಗುರುತಿಸುವುದರಲ್ಲಿ ತೊಂದರೆ ಇದ್ದರೆ ಈಗಲೇ ಗೊತ್ತಾಗಲಿ. ತೋಟ ಅಡ ಇಟ್ಟ ಮೇಲೆ ಗೊತ್ತಾದವರನ್ನು ನೋಡಿದ್ದೇನೆ.

ಇನ್ನು 18 ತಿಂಗಳ ಮಾತು. ಕಮರ್ಷಿಯಲ್ ಲೈಸೆನ್ಸಿಗೆ, ಅಂದರೆ ಸಂಬಳಕ್ಕೆ ವಿಮಾನ ಹಾರಿಸುವ ಲೈಸೆನ್ಸಿಗೆ, 200 ಗಂಟೆ ಹಾರಾಟ ಬೇಕು, ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ (ವಿಮಾನದ ಪೂರ್ತಿ ಹೊಣೆ ಹೊತ್ತ ಪೈಲಟ್) ಆಗಿ. ತಿಂಗಳಿಗೆ 15 ಗಂಟೆ ಹಾರಿಸಿದರೆ ಹದಿಮೂರು-ಹದಿನಾಲ್ಕು ತಿಂಗಳು. 5 ಗಂಟೆ ಸಿಕ್ಕರೆ 40 ತಿಂಗಳು. ಶಾಲೆ ಶಾಲೆಗೂ ಇರುವ ವ್ಯತ್ಯಾಸವೆಲ್ಲ ಇಷ್ಟೇ. ‘ನಿಮ್ಮಲ್ಲಿ ಎಷ್ಟು ವಿಮಾನ ಇವೆ’ ಅಂತ ಕೇಳಿದರೆ ಹನ್ನೆರಡು ಅಂತಾರೆ. ‘ಹೋದ ತಿಂಗಳು ಒಬ್ಬೊಬ್ಬ ಹುಡುಗನಿಗೆ ಎಷ್ಟು ಗಂಟೆ ಸಿಕ್ಕಿತು’ ಅಂತ ಕೇಳಿ. ಉತ್ತರ ತಡವಾದರೆ ಅದೇ ಉತ್ತರ.

ನನ್ನ ಕಥೆ ಹೇಳ್ತೀನಿ, ಶಾಲೆಯ ಹೆಸರು ಬೇಡ. ನಮ್ಮಪ್ಪ ಪೂರ್ತಿ ಫೀಸು ಒಂದೇ ಸಲ ಕಟ್ಟಿದರು. ಸೇರಿದ ಮೂರನೇ ತಿಂಗಳಿಗೆ ಇದ್ದ ಎರಡು ಸೆಸ್ನಾ ತರಬೇತಿ ವಿಮಾನಗಳಲ್ಲಿ ಒಂದು ಹ್ಯಾಂಗರಿನ ಮೂಲೆ ಸೇರಿತು. ಮೂಗಿನ ಮುಚ್ಚಳ ಬಿಚ್ಚಿ, ಎಂಜಿನ್ ಇಳಿಸಿ, ಬಾಯಿಗೆ ಗೋಣಿಚೀಲ ಕಟ್ಟಿದ್ದರು. ರೆಕ್ಕೆಯ ಮೇಲಿನ ಧೂಳಿನಲ್ಲಿ ಯಾರೋ ಬೆರಳಿನಿಂದ ತಾರೀಕು ಬರೆದಿದ್ದರು. ಆ ತಾರೀಕಿನ ಮೇಲೆ ಮತ್ತೆ ಧೂಳು ಕೂತು ಅಳಿಸಿಹೋಗುವಷ್ಟು ದಿನ ಅದು ಅಲ್ಲೇ ನಿಂತಿತ್ತು. ಉಳಿದ ಒಂದರಲ್ಲಿ ನಾವು ಇಪ್ಪತ್ತಕ್ಕೂ ಹೆಚ್ಚು ಜನ. ಬೆಳಿಗ್ಗೆ ಐದೂವರೆಗೆ ಯೂನಿಫಾರ್ಮ್ ಹಾಕಿ, ಆ ದಿನ ಹಾರುವವರ ಹೆಸರು ಬರೆಯೋ ಬೋರ್ಡಿನ ಮುಂದೆ ನಿಲ್ಲೋದು, ಹೆಸರಿಲ್ಲ ಅಂತ ಹಾಸ್ಟೆಲ್ಲಿಗೆ ವಾಪಸ್ ಬರೋದು. ನನಗೆ ಮೂರು ವರ್ಷ ಹಿಡಿಯಿತು.

ತಡವಾದರೆ ಹೋಗೋದು ಬಡ್ಡಿ, ಹಾಸ್ಟೆಲ್ ಖರ್ಚು ಮಾತ್ರ ಅಲ್ಲ. ಲೈಸೆನ್ಸಿಗೆ ಅರ್ಜಿ ಹಾಕುವಾಗ ಹಿಂದಿನ ಆರು ತಿಂಗಳೊಳಗೆ 15 ಗಂಟೆಯಾದರೂ ಪೈಲಟ್ ಇನ್ ಕಮಾಂಡ್ ಆಗಿ ಹಾರಿರಬೇಕು. ಕೊನೆಯಲ್ಲಿ ವಿಮಾನ ಸಿಗದೆ ಕೂತರೆ ಆ ಗಂಟೆಗಳನ್ನು ಮತ್ತೆ ದುಡ್ಡು ಕೊಟ್ಟು ಹಾರಬೇಕಾಗುತ್ತೆ.

ಪ್ರಶ್ನೆ (ಅದೇ ತಂದೆ): ಹಾಗಾದರೆ ಕರ್ನಾಟಕದಲ್ಲೇ ನೋಡೋದಾ, ಹೊರಗೆ ಕಳಿಸೋದಾ? ಸರ್ಕಾರಿ ಶಾಲೆ ಹೇಗೆ?

ಉತ್ತರ: ಜಕ್ಕೂರಿನಲ್ಲಿ ರಾಜ್ಯ ಸರ್ಕಾರದ ಶಾಲೆ ಇದೆ. ಬೆಳಗಾವಿ, ಕಲಬುರಗಿ ವಿಮಾನ ನಿಲ್ದಾಣಗಳಲ್ಲೂ ತರಬೇತಿಗೆ ಜಾಗ ಕೊಟ್ಟಿದ್ದಾರೆ. ಕೇಂದ್ರದ್ದು ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿದೆ, ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು. ಸರ್ಕಾರಿ ಆಗಲಿ ಖಾಸಗಿ ಆಗಲಿ, ಕೇಳುವ ಪ್ರಶ್ನೆ ಮಾತ್ರ ಒಂದೇ: ಒಬ್ಬೊಬ್ಬರಿಗೆ ತಿಂಗಳಿಗೆ ಎಷ್ಟು ಗಂಟೆ ಸಿಗುತ್ತೆ. ಹವಾಮಾನವನ್ನೂ ಲೆಕ್ಕ ಹಾಕಿ: ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ಮೋಡ, ಉತ್ತರದಲ್ಲಿ ಡಿಸೆಂಬರ್-ಜನವರಿ ಮಂಜು. ಪ್ರಯಾಣಿಕರ ವಿಮಾನ ಹೆಚ್ಚು ಇಳಿಯುವ ಕಡೆ ತರಬೇತಿ ವಿಮಾನ ಎಂಜಿನ್ ಚಾಲೂ ಇಟ್ಟುಕೊಂಡೇ ಸರದಿ ಕಾಯಬೇಕಾಗುತ್ತೆ.

2025ರ ಅಕ್ಟೋಬರ್‌ನಿಂದ ಡಿಜಿಸಿಎ ಶಾಲೆಗಳಿಗೆ ದರ್ಜೆ ಕೊಡ್ತಿದೆ. ಮೊದಲ ಪಟ್ಟಿಯಲ್ಲಿ ಅತ್ಯುನ್ನತ ದರ್ಜೆ ಒಂದಕ್ಕೂ ಸಿಗಲಿಲ್ಲ. ಆ ಪಟ್ಟಿ ನೋಡಿ, ಆದರೆ ಅದನ್ನೊಂದೇ ನಂಬಿ ಕಟ್ಟಬೇಡಿ.

ಪ್ರಶ್ನೆ (ರಾಯಚೂರಿನಿಂದ ಒಬ್ಬ ವಿದ್ಯಾರ್ಥಿ): ಸರ್, ಅಮೆರಿಕಾ, ದಕ್ಷಿಣ ಆಫ್ರಿಕಾದಲ್ಲಿ ಬೇಗ ಮುಗಿಯುತ್ತಂತೆ?

ಉತ್ತರ: ಹಾರಾಟ ಬೇಗ ಮುಗಿಯೋದು ನಿಜ ಕಣಪ್ಪ. ಆದರೆ ಅಲ್ಲಿನ ಲೈಸೆನ್ಸ್ ತಂದು ಇಲ್ಲಿ ನೇರವಾಗಿ ಹಾರಿಸೋಕಾಗಲ್ಲ. ಇಲ್ಲಿನ ಪರೀಕ್ಷೆ ಬರೆದು, ಮೆಡಿಕಲ್ ಇಟ್ಟುಕೊಂಡು, ಇಲ್ಲಿ ಹಾರಿ ತೋರಿಸಿ ಬದಲಾಯಿಸಿಕೊಳ್ಳಬೇಕು. ಆ ಖರ್ಚು, ಆ ತಿಂಗಳುಗಳನ್ನು ಏಜೆಂಟರು ಹೇಳಲ್ಲ. ಎಲ್ಲೇ ಹೋಗು, ನ್ಯಾವಿಗೇಷನ್, ಮೆಟಿಯರಾಲಜಿ, ರೆಗ್ಯುಲೇಷನ್ಸ್ ಪೇಪರುಗಳನ್ನು ಮೊದಲೇ ಪಾಸು ಮಾಡಿಕೋ. ನೂರಕ್ಕೆ 70 ಬೇಕು. ಓದು ಬಾಕಿ ಇಟ್ಟುಕೊಂಡು ಹೋದವರು ವಿಮಾನ ಖಾಲಿ ನಿಂತಿದ್ದಾಗಲೂ ಹಾಸ್ಟೆಲ್ಲಿನಲ್ಲಿ ಪುಸ್ತಕ ಹಿಡಿದು ಕೂತಿರ್ತಾರೆ.

ಪ್ರಶ್ನೆ (ಮೈಸೂರಿನಿಂದ ಒಬ್ಬ ತಾಯಿ): ಕೆಲಸದ ಗ್ಯಾರಂಟಿ ಕೊಡ್ತೀವಿ ಅನ್ನೋ ಶಾಲೆಗಳನ್ನು ನಂಬಬಹುದಾ?

ಉತ್ತರ: ಇಲ್ಲಮ್ಮ. ಕೆಲಸ ಕೊಡೋದು ಏರ್‌ಲೈನ್, ಶಾಲೆ ಅಲ್ಲ. ಲೈಸೆನ್ಸ್ ಆದಮೇಲೆ ದೊಡ್ಡ ವಿಮಾನದ ಟೈಪ್ ರೇಟಿಂಗಿಗೆ (ಒಂದೊಂದು ಮಾದರಿಯ ವಿಮಾನ ಹಾರಿಸೋಕೆ ಬೇಕಾದ ಪ್ರತ್ಯೇಕ ಅರ್ಹತೆ) ಇನ್ನೂ ಹಲವು ಲಕ್ಷ ಬೇಕು. ಆ ದುಡ್ಡನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ (ಚನ್ನರಾಯಪಟ್ಟಣದ ತಂದೆ): ಸರ್, ನಾನು ಮಗಳು ಇಬ್ಬರೂ ಹೋಗಿ ನೋಡಿ ಬರ್ತೀವಿ. ಏನೇನು ನೋಡಲಿ?

ಉತ್ತರ: ವಾರದ ದಿನವೇ ಹೋಗಿ, ಬೆಳಿಗ್ಗೆ ಆರು ಗಂಟೆಗೆಲ್ಲ ಅಲ್ಲಿರಿ. ಆಫೀಸಿನೊಳಗೆ ಕೂರಬೇಡಿ, ವಿಮಾನ ನಿಲ್ಲಿಸುವ ಜಾಗ ಕಾಣುವ ಕಡೆ ನಿಲ್ಲಿ. ಹತ್ತು ಗಂಟೆಯೊಳಗೆ ಎಷ್ಟು ಮೇಲೆದ್ದವು ಎಣಿಸಿ. ಟೈರು ಗಾಳಿ ಇಳಿದವು, ಪ್ರೊಪೆಲರ್ ಇಲ್ಲದವು ಎಷ್ಟು ನೋಡಿ. ಆಮೇಲೆ ಕ್ಯಾಂಟೀನಿಗೆ ಹೋಗಿ ಹುಡುಗರಿಗೆ ಟೀ ಕೊಡಿಸಿ. ಮಗಳೇ ಮಾತಾಡಿಸಲಿ, ಅವಳ ಹತ್ತಿರ ಹುಡುಗಿಯರು ಬಾಯಿ ಬಿಡ್ತಾರೆ. ಕೋರ್ಸು ಮುಗಿಯುತ್ತಾ ಬಂದ ಒಬ್ಬರ ಲಾಗ್ ಬುಕ್ (ಹಾರಾಟದ ದಾಖಲೆ ಪುಸ್ತಕ) ಕೇಳಿ, ಮೊದಲ ಸಾಲಿನ ತಾರೀಕು, ಕೊನೇ ಸಾಲಿನ ತಾರೀಕು ನೋಡಿ. ಇನ್‌ಸ್ಟ್ರಕ್ಟರುಗಳು ಎಷ್ಟು ಜನ, ಹೋದ ವರ್ಷ ಅವರಲ್ಲಿ ಎಷ್ಟು ಜನ ಏರ್‌ಲೈನಿಗೆ ಹೋದರು ಅಂತಲೂ ಕೇಳಿ.

ಫೀಸು ಕಂತಿನಲ್ಲಿ, ಹಾರಿದ ಗಂಟೆಗೆ ತಕ್ಕಂತೆ ಕಟ್ಟೋದಾದರೆ ಮಾತ್ರ ಒಪ್ಪಿಕೊಳ್ಳಿ. ಬಿಟ್ಟು ಹೋದರೆ ಎಷ್ಟು ವಾಪಸ್ ಅನ್ನೋದು ಕಾಗದದಲ್ಲಿ ಇರಲಿ, ಬಾಯಿಮಾತು ಬೇಡ. ಹೋಗಿ ಬಂದ ಮೇಲೆ ಎಣಿಸಿದ ಲೆಕ್ಕ ಇಲ್ಲಿ ಹಾಕಿ, ಕೂತು ನೋಡೋಣ.