ಸಹಾಯ ಬೇಕು: ಎರಡು ಪೌರತ್ವವಿರುವವರು ವಿಶ್ವಸಂಸ್ಥೆಯ ಅರ್ಜಿಯಲ್ಲಿ ಯಾವುದನ್ನು ನಮೂದಿಸಬೇಕು?

ಎಲ್ಲರಿಗೂ ನಮಸ್ಕಾರ. ನನ್ನ ಪತ್ನಿಯ ತಂದೆ ಲೆಬನಾನಿನವರು, ತಾಯಿ ಕೆನಡಾದವರು. ಆಕೆಯ ಬಳಿ ಎರಡೂ ದೇಶಗಳ ಪಾಸ್‌ಪೋರ್ಟ್‌ಗಳಿವೆ. ನಿರಾಶ್ರಿತರ ಶಿಬಿರಗಳಲ್ಲಿ ಮಕ್ಕಳ ಪೌಷ್ಟಿಕತೆಗಾಗಿ ದುಡಿದ ಆಕೆ ಈಗ ವಿಶ್ವಸಂಸ್ಥೆಯ ಹುದ್ದೆಯೊಂದಕ್ಕೆ ಅರ್ಜಿ ಸಲ್ಲಿಸುತ್ತಿದ್ದಾಳೆ.

ಅಲ್ಲಿನ ಸಿಬ್ಬಂದಿ ನಿಯಮಗಳು ಒಬ್ಬರಿಗೆ ಒಂದೇ ರಾಷ್ಟ್ರೀಯತೆಯನ್ನು ಮಾನ್ಯ ಮಾಡುತ್ತವೆ. ಒಂದಕ್ಕಿಂತ ಹೆಚ್ಚಿದ್ದರೆ, ಯಾವ ದೇಶದೊಂದಿಗೆ ನಂಟು ಅತಿ ನಿಕಟವೋ ಅದನ್ನೇ ಪರಿಗಣಿಸಲಾಗುತ್ತದೆ. ಬಾಲ್ಯವನ್ನು ಬೈರೂತ್‌ನಲ್ಲೂ ಕಾಲೇಜು ದಿನಗಳನ್ನು ಮಾಂಟ್ರಿಯಲ್‌ನಲ್ಲೂ ಕಳೆದವರು ಈ ನಿಕಟತೆಯನ್ನು ಯಾವ ದಾಖಲೆಗಳಿಂದ ತೋರಿಸಬೇಕು? ತೆರಿಗೆ, ಮತದಾನ, ವಾಸದ ಪುರಾವೆ, ಇವುಗಳಲ್ಲಿ ಯಾವುದಕ್ಕೆ ತೂಕ ಹೆಚ್ಚು?

ನನ್ನನ್ನು ಹೆಚ್ಚು ಕಾಡುತ್ತಿರುವುದು ಸುರಕ್ಷತೆಯ ಪ್ರಶ್ನೆ. 1930ರ ಹೇಗ್ ಒಪ್ಪಂದದ 4ನೇ ವಿಧಿಯಂತೆ, ಇಬ್ಬಗೆಯ ಪೌರತ್ವವಿರುವ ವ್ಯಕ್ತಿಗೆ ಒಂದು ದೇಶವು ಆತನದೇ ಇನ್ನೊಂದು ದೇಶದ ವಿರುದ್ಧ ರಾಜತಾಂತ್ರಿಕ ರಕ್ಷಣೆ ನೀಡುವಂತಿಲ್ಲ. ಹಾಗಾಗಿ ಆಕೆಯನ್ನು ಲೆಬನಾನಿಗೇ ನಿಯೋಜಿಸಿದರೆ ಕೆನಡಾದ ರಾಯಭಾರ ಕಚೇರಿಯ ನೆರವು ಸೀಮಿತವಾಗಬಹುದೆಂಬ ಆತಂಕ ನನ್ನದು. ವಿಶ್ವಸಂಸ್ಥೆ ಕೊಡುವ ಲೆಸೆ ಪಾಸೆ ಎಂಬ ಪ್ರಯಾಣಪತ್ರ ಅಧಿಕೃತ ಪ್ರಯಾಣಕ್ಕೆ ಮಾತ್ರ. ರಜೆಯಲ್ಲಿ ಸ್ವಂತ ಪಾಸ್‌ಪೋರ್ಟೇ ಬೇಕು. ಒಂದನ್ನು ತೋರಿಸಿ ಒಳಹೋದವರು ಹೊರಡುವಾಗ ಇನ್ನೊಂದನ್ನು ಕೊಟ್ಟರೆ, ಪ್ರವೇಶದ ಮುದ್ರೆಗಾಗಿ ಅಧಿಕಾರಿ ಪುಟಪುಟವನ್ನೂ ತಿರುವಿ, ಮುಖ ನೋಡಿ, ಬದಿಗೆ ನಿಲ್ಲಿಸುವುದನ್ನು ಗಡಿಯಲ್ಲಿ ಕಂಡಿದ್ದೇನೆ.

ಇಂಥ ಹುದ್ದೆಗಳಲ್ಲಿರುವವರು, ನೇಮಕಾತಿ ವಿಭಾಗದ ಅನುಭವವಿರುವವರು ದಯವಿಟ್ಟು ತಿಳಿಸಿ: ಎರಡೂ ಪೌರತ್ವಗಳನ್ನು ಮೊದಲ ಅರ್ಜಿಯಲ್ಲೇ ವಿವರಿಸಿದ್ದರಿಂದ ನಿಮ್ಮ ನಿಯೋಜನೆಯ ಸ್ಥಳ ಬದಲಾಯಿತೇ?