ಸಹಾಯ ಬೇಕು: ಎರಡು ಥರದ ಐಡಿ ಕಾರ್ಡಿಗೆ ಒಂದೇ ರೀಡರ್ ಸಾಕಾಗುತ್ತಾ?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹಾಜರಾತಿ, ಸಂಬಳದ ಲೆಕ್ಕ ನೋಡ್ಕೊಳ್ತೀನಿ. ಕಾರ್ಡ್ ಇಟ್ಟ ತಕ್ಷಣ ನಂಬರ್ ಎಕ್ಸೆಲ್‌ಗೆ ಬೀಳೋ ಹಾಗೆ, ಟೇಬಲ್ ಮೇಲೆ ಇಡೋ ಯುಎಸ್‌ಬಿ ರೀಡರ್ ಬೇಕಾಗಿದೆ.

ತೊಂದರೆ ಏನಂದ್ರೆ ನಮ್ಮಲ್ಲಿ ಎರಡು ಥರ ಕಾರ್ಡ್ ಇವೆ. ಹಳಬರದ್ದು ದಪ್ಪ ಕಾರ್ಡ್, 125 ಕಿಲೋಹರ್ಟ್ಸ್ ರೇಡಿಯೋ ತರಂಗದಲ್ಲಿ ಕೆಲಸ ಮಾಡೋದು. ಹೊಸಬರದ್ದು ತೆಳು, ಮೈಫೇರ್ ಅನ್ನೋ ಬಗೆ, 13.56 ಮೆಗಾಹರ್ಟ್ಸ್. ಎನ್‌ಎಫ್‌ಸಿ (ಹತ್ತಿರ ಹಿಡಿದ ಕಾರ್ಡ್ ಓದೋ ಸೌಲಭ್ಯ) ಇರೋ ಫೋನಿಗೆ ಹಿಡಿದು ನೋಡಿದೆ, ಹೊಸದನ್ನ ಮಾತ್ರ ಗುರುತಿಸ್ತು.

ಮೊದಲು ತರಿಸಿದ ರೀಡರ್ 125ರದ್ದು ಮಾತ್ರ ಓದುತ್ತೆ. ಕೀಬೋರ್ಡ್ ಥರ ಕೆಲಸ ಮಾಡುತ್ತೆ, ಡ್ರೈವರ್ ಸಾಫ್ಟ್‌ವೇರ್ ಬೇಡ, ಅದು ನಂಗೆ ತುಂಬಾ ಹಿಡಿಸ್ತು. ಆದ್ರೆ ನಂಬರ್ ತಾಳೆ ಆಗ್ಲಿಲ್ಲ. ಒಂದು ಕಾರ್ಡ್ ಮೇಲೆ 0004523187 069,01203 ಅಂತ ಅಚ್ಚಾಗಿದೆ. ರೀಡರ್ ಮೊದಲಿನ ಹತ್ತು ಅಂಕಿ ಕೊಡುತ್ತೆ, ಗೇಟಲ್ಲಿ ಕಾರ್ಡ್ ತೋರಿಸೋ ಮೆಷಿನ್‌ನಲ್ಲಿರೋದು 06901203. ರಾತ್ರಿ ಕೂತು ಲೆಕ್ಕ ಹಾಕಿದೆ: 69ನ್ನ 65536ರಿಂದ ಗುಣಿಸಿ 1203 ಕೂಡಿದ್ರೆ ಸರಿಯಾಗಿ 4523187. ಅಂದ್ರೆ ನಂಬರ್ ಒಂದೇ, ಬರೆಯೋ ರೀತಿ ಬೇರೆ. ಇದಕ್ಕೆ ಎಕ್ಸೆಲ್‌ನಲ್ಲೇ ಸೂತ್ರ ಹಾಕ್ಕೊಂಡೆ.

ಮೈಫೇರ್ ಕಾರ್ಡಲ್ಲೇ ಸಿಕ್ಕಿಬಿದ್ದಿರೋದು. ಪರಿಚಯದವರ ರೀಡರ್ ತಂದು ನೋಡಿದ್ರೆ ಗೇಟಿನ ನಂಬರಿನ ಎರಡೆರಡು ಅಂಕಿಯ ಜೋಡಿಗಳು ಹಿಂದುಮುಂದಾದ ಕ್ರಮದಲ್ಲಿ ಬರ್ತಿವೆ. ಒಬ್ಬರ ಕೂಲಿ ಇನ್ನೊಬ್ಬರ ಹೆಸರಿಗೆ ಹೋದ್ರೆ ಹೇಗೆ ಅಂತ ನಿದ್ದೆ ಬರ್ತಿಲ್ಲ.

ಎರಡೂ ಕಾರ್ಡ್ ಓದೋ, ಕೀಬೋರ್ಡ್ ಥರ ಟೈಪ್ ಮಾಡೋ, ನಂಬರಿನ ಕ್ರಮವನ್ನ ನಾವೇ ಬದಲಾಯಿಸಬಹುದಾದ ರೀಡರ್ ಯಾರಾದ್ರೂ ಬಳಸ್ತಿದ್ದೀರಾ? ಯಾವ ಮಾಡೆಲ್, ಎಷ್ಟಾಯ್ತು, ದಯವಿಟ್ಟು ಹೇಳ್ತೀರಾ?